ಯುದ್ಧಕಾಲದ ಟೆಸ್ಟ್ ಫ್ಲೈಟ್ ಅಪಘಾತ: ನಿಜ ಕಾರಣ ಹುಡುಕುವುದು ಹೇಗೆ?

ಎರಡನೇ ಮಹಾಯುದ್ಧದಲ್ಲಿ ಶತ್ರುಗಳು ಹೊಡೆದು ಬೀಳಿಸಿದ ವಿಮಾನಗಳ ಕತೆ ರಾಶಿ ರಾಶಿ ಸಿಗುತ್ತದೆ. ಯಾರು ಹೊಡೆದರು, ಎಲ್ಲಿ ಬಿತ್ತು, ಯಾರು ಪ್ಯಾರಾಚೂಟ್ ಕಟ್ಟಿಕೊಂಡು ಹಾರಿದರು, ಎಲ್ಲವೂ ಇದೆ. ಆದರೆ ತಮ್ಮದೇ ಏರ್‌ಫೀಲ್ಡ್‌ನಿಂದ ಹಾಡಹಗಲೇ ಮೇಲೆದ್ದು, ಒಂದು ಗುಂಡೂ ತಗಲದೆ, ಇಪ್ಪತ್ತು ನಿಮಿಷದೊಳಗೆ ಬಿದ್ದುಹೋದ ವಿಮಾನದ ಬಗ್ಗೆ ಹುಡುಕಿ ನೋಡಿ. ಒಂದು ದಿನಾಂಕ, ಒಬ್ಬ ಪೈಲಟ್ ಹೆಸರು, ಪಕ್ಕದಲ್ಲಿ ‘ತಾಂತ್ರಿಕ ದೋಷ’ ಅಥವಾ ‘ಪೈಲಟ್ ತಪ್ಪು’. ಮುಗೀತು.

ಇಂಥ ಒಂದು ಅಪಘಾತದ ಬೆನ್ನು ಹತ್ತಿ, ಅದರ ಕಾರಣವನ್ನು ತಕ್ಕಮಟ್ಟಿಗೆ ಗಟ್ಟಿ ಮಾಡಿಕೊಳ್ಳುವುದು ಹೇಗೆ ಅಂತ ಇಲ್ಲಿ ಹೇಳುತ್ತೇನೆ. ನನ್ನ ದಾರಿ ಸ್ವಲ್ಪ ಉಲ್ಟಾ. ಬಹಳ ಜನ ಅಪಘಾತದ ದಿನದಿಂದ ಶುರು ಮಾಡುತ್ತಾರೆ. ಅದರ ಬದಲು, ಅಪಘಾತ ಆದಮೇಲೆ ಅದೇ ಮಾದರಿಯ ಮುಂದಿನ ವಿಮಾನಗಳಲ್ಲಿ ಏನು ಬದಲಾಯಿತು ಅನ್ನೋದನ್ನು ಮೊದಲು ಹುಡುಕಿ, ಅಲ್ಲಿಂದ ಹಿಂದಕ್ಕೆ ಬನ್ನಿ. ಯುದ್ಧದ ಹೊತ್ತಿನಲ್ಲಿ ಅಪಘಾತವನ್ನು ಮುಚ್ಚಿಡಬಹುದು. ಆದರೆ ‘ಇಲ್ಲಿ ಈ ತಗಡು ಹಾಕಿ, ಈ ಬ್ರಾಕೆಟ್ ಬದಲಿಸಿ’ ಅಂತ ಕಾರ್ಖಾನೆಗಳಿಗೆ, ನೂರಾರು ಮೆಕ್ಯಾನಿಕ್‌ಗಳಿಗೆ ಹೋದ ಆದೇಶವನ್ನು ಮುಚ್ಚಿಡೋಕೆ ಆಗಲ್ಲ, ಅಲ್ವಾ?

ಮೊದಲು ಅದು ಎಂಥ ಟೆಸ್ಟ್ ಅಂತ ನೋಡಿ

ಟೆಸ್ಟ್ ಫ್ಲೈಟ್ ಅಂದ ತಕ್ಷಣ ಹೊಚ್ಚಹೊಸ ಮಾದರಿ, ಹೆಸರಾಂತ ಪೈಲಟ್ ಅಂತ ಅಂದುಕೊಳ್ಳುತ್ತೇವೆ. ಅಂಥವು ಕಡಿಮೆ. ಜಾಸ್ತಿ ನಡೆದದ್ದು ಕಾರ್ಖಾನೆಯಿಂದ ಹೊರಬಂದ ಪ್ರತಿ ವಿಮಾನವನ್ನೂ ಒಂದು ಸಲ ಹಾರಿಸಿ ನೋಡುವ ಕೆಲಸ. ಬ್ರಿಟನ್ನಿನ ಕ್ಯಾಸಲ್ ಬ್ರಾಮ್‌ವಿಚ್ ಕಾರ್ಖಾನೆಯಲ್ಲಿ ಅಲೆಕ್ಸ್ ಹೆನ್‌ಶಾ ಒಬ್ಬರೇ ಎರಡು ಸಾವಿರಕ್ಕೂ ಹೆಚ್ಚು ಸ್ಪಿಟ್‌ಫೈರ್‌ಗಳನ್ನು ಹೀಗೆ ಹಾರಿಸಿ ನೋಡಿದರು. ಎಂಜಿನ್ ಕೈಕೊಟ್ಟು ನೆಲಕ್ಕಪ್ಪಳಿಸಿಯೂ ಬದುಕಿದರು. ಇದಲ್ಲದೆ, ರಿಪೇರಿ ಆದಮೇಲೆ ಸ್ಕ್ವಾಡ್ರನ್‌ನವರೇ ಸುಮ್ನೆ ಒಂದು ಸುತ್ತು ಹಾಕಿ ಬರುವ ‘ಏರ್ ಟೆಸ್ಟ್’ ಬೇರೆ. ಕೊನೆಯದಾಗಿ, ವಿಮಾನದಲ್ಲಿ ಹೊಸದೇನೂ ಇಲ್ಲ, ಅದರೊಳಗೆ ಕೂರಿಸಿದ ರೇಡಾರೋ ಬಾಂಬ್‌ಸೈಟೋ ಹೊಸದು, ಅದರ ಪರೀಕ್ಷೆಗೆ ಹಾರಿದ್ದು ಅನ್ನುವಂಥದ್ದು.

ಈ ವಿಂಗಡಣೆ ಯಾಕೆ ಮುಖ್ಯ ಅಂದರೆ, ಕಾಗದಪತ್ರ ಯಾರ ಹತ್ತಿರ ಇದೆ ಅನ್ನೋದು ಇದರ ಮೇಲೆ ನಿಂತಿದೆ. ಹೊಸ ಮಾದರಿ ಆದರೆ ಕಂಪನಿ ಮತ್ತು ಸರಕಾರದ ಪರೀಕ್ಷಾ ಕೇಂದ್ರ. ಏರ್ ಟೆಸ್ಟ್ ಆದರೆ ಸ್ಕ್ವಾಡ್ರನ್ ಡೈರಿ. ಉಪಕರಣದ ಪರೀಕ್ಷೆ ಆದರೆ ಯಾವುದೋ ಪ್ರಯೋಗಾಲಯ. ಕೊನೆಯ ಈ ಬಗೆಯಲ್ಲಿ ಸತ್ತವರಲ್ಲಿ ಎಷ್ಟೋ ಜನ ಸೈನಿಕರೇ ಅಲ್ಲ. ಸ್ಕ್ವಾಡ್ರನ್ ಪಟ್ಟಿಯಲ್ಲಿ ಅವರ ಹೆಸರು ಹುಡುಕುತ್ತಾ ಕೂತರೆ ವರ್ಷಗಟ್ಟಲೆ ಕೂರಬೇಕು.

ಸೀರಿಯಲ್ ನಂಬರ್ ಇಲ್ಲದೆ ಮುಂದೆ ಹೋಗಬೇಡಿ

ಪೈಲಟ್ ಹೆಸರು ಒಂದಕ್ಕಿಂತ ಹೆಚ್ಚು ಜನರಿಗೆ ಇರಬಹುದು, ಊರಿನ ಹೆಸರು ತಪ್ಪಿರಬಹುದು, ದಿನಾಂಕ ಒಂದು ದಿನ ಆಚೀಚೆ ಆಗಿರಬಹುದು. ಸೀರಿಯಲ್ ನಂಬರ್ ಮಾತ್ರ ಒಂದು ವಿಮಾನಕ್ಕೆ ಒಂದೇ. ಬ್ರಿಟಿಷ್ ವಿಮಾನಕ್ಕೆ ಒಂದು ಅಕ್ಷರ ಮತ್ತು ನಾಲ್ಕು ಅಂಕಿ, ಅಥವಾ ಎರಡು ಅಕ್ಷರ ಮತ್ತು ಮೂರು ಅಂಕಿ. ಒಟ್ಟು ಎಷ್ಟು ವಿಮಾನ ತಯಾರಾಗುತ್ತಿದೆ ಅಂತ ಶತ್ರುವಿಗೆ ಲೆಕ್ಕ ಸಿಗದಿರಲಿ ಅಂತ ಅವರು ನಡುನಡುವೆ ನಂಬರ್‌ಗಳನ್ನು ಬೇಕಂತಲೇ ಬಿಟ್ಟಿದ್ದಾರೆ. ಹಾಗಾಗಿ ಒಂದು ನಂಬರ್ ಪಟ್ಟಿಯಲ್ಲಿ ಇಲ್ಲ ಅಂದರೆ ದಾಖಲೆ ಕಳೆದಿದೆ ಅಂತಲ್ಲ, ಆ ವಿಮಾನವೇ ಹುಟ್ಟಿರಲಿಕ್ಕಿಲ್ಲ. ಅಮೆರಿಕದ ಸೇನಾ ವಿಮಾನಗಳಲ್ಲಿ ಮೊದಲ ಎರಡು ಅಂಕಿ ಆರ್ಡರ್ ಕೊಟ್ಟ ಹಣಕಾಸು ವರ್ಷ. ಬಾಲದ ಮೇಲೆ ಬರೆಯುವಾಗ ಅದರ ಮೊದಲ ಅಂಕಿಯನ್ನು ಬಿಟ್ಟುಬಿಡುತ್ತಿದ್ದರು. ಅಂದರೆ ಫೋಟೋದಲ್ಲಿ 2ರಿಂದ ಶುರುವಾಗುವ ನಂಬರ್ ಕಂಡರೆ ಅದು ಸಾಮಾನ್ಯವಾಗಿ 1942ರ ಆರ್ಡರ್.

ಸಮಯದ ವಿಷಯದಲ್ಲೂ ಹುಷಾರು. ಬ್ರಿಟನ್ 1941ರಿಂದ ಬೇಸಿಗೆಯಲ್ಲಿ ಗಡಿಯಾರವನ್ನು ಗ್ರೀನ್‌ವಿಚ್ ಸಮಯಕ್ಕಿಂತ 2 ಗಂಟೆ, ಚಳಿಗಾಲದಲ್ಲಿ 1 ಗಂಟೆ ಮುಂದೆ ಇಟ್ಟಿತ್ತು. ಅಮೆರಿಕದಲ್ಲಿ 1942ರ ಫೆಬ್ರವರಿಯಿಂದ 1945ರ ಸೆಪ್ಟೆಂಬರ್‌ವರೆಗೆ ‘ವಾರ್ ಟೈಮ್’ ಅಂತ ವರ್ಷವಿಡೀ 1 ಗಂಟೆ ಮುಂದೆ. ಇದನ್ನು ಗಮನಿಸದೆ ಹವಾಮಾನದ ದಾಖಲೆ ತೆಗೆದು ‘ಆ ಹೊತ್ತಿಗೆ ಮೋಡವೇ ಇರಲಿಲ್ಲ, ವರದಿ ಸುಳ್ಳು’ ಅಂತ ವಾದ ಮಾಡಿದವರಿದ್ದಾರೆ. ಮೋಡ ಇತ್ತು, ಗಡಿಯಾರ ಬೇರೆ ಇತ್ತು.

ಪತ್ರಿಕೆಯಲ್ಲಿ ವಿಮಾನ ಹುಡುಕಬೇಡಿ, ಬೆಂಕಿ ಹುಡುಕಿ

1943ರ ಫೆಬ್ರವರಿ 18, ಸಿಯಾಟಲ್. ಬೋಯಿಂಗ್‌ನ ಟೆಸ್ಟ್ ವಿಭಾಗದ ಮುಖ್ಯಸ್ಥ ಎಡ್ಡಿ ಆಲೆನ್ ಬಿ-29 ಬಾಂಬರ್‌ನ ಎರಡನೇ ಪ್ರೋಟೋಟೈಪ್ (ತಯಾರಿಕೆಗೆ ಮೊದಲು ಕಟ್ಟುವ ಪ್ರಾಯೋಗಿಕ ವಿಮಾನ) ಹಾರಿಸುತ್ತಿದ್ದರು. ಅದೇ ವಿಮಾನದ ಎಂಜಿನ್‌ಗೆ 1942ರ ಡಿಸೆಂಬರ್ 30ರಂದು, ಅದರ ಮೊದಲ ಹಾರಾಟದಲ್ಲೇ, ಬೆಂಕಿ ಹತ್ತಿತ್ತು. ಆವತ್ತು ಆಲೆನ್ ಹೇಗೋ ಇಳಿಸಿದ್ದರು. ಫೆಬ್ರವರಿಯಲ್ಲಿ ಮತ್ತೆ ಬೆಂಕಿ. ಮೊದಲು ಎಡಗಡೆಯ ಹೊರಗಿನ ಎಂಜಿನ್, ಅದು ಆರಿತು ಅಂದುಕೊಂಡು ವಾಪಸು ಬರುತ್ತಿರುವಾಗ ರೆಕ್ಕೆಯೊಳಗೆ. ರನ್‌ವೇ ಇನ್ನೇನು ಕೆಲವೇ ಕಿಲೋಮೀಟರ್ ಇದೆ ಅನ್ನುವಾಗ ವಿಮಾನ ಫ್ರೈ ಅನ್ನೋ ಮಾಂಸ ಸಂಸ್ಕರಣೆ ಕಾರ್ಖಾನೆಯ ಮೇಲೆ ಬಿತ್ತು. ವಿಮಾನದಲ್ಲಿದ್ದ 11 ಜನರೂ ಸತ್ತರು. ಕಾರ್ಖಾನೆಯಲ್ಲಿ ಸುಮಾರು 20 ಜನ. ಬೆಂಕಿ ಆರಿಸಲು ಬಂದ ಒಬ್ಬ ಅಗ್ನಿಶಾಮಕ ಸಿಬ್ಬಂದಿ ಕೂಡ.

ನಗರದ ಮಧ್ಯದಲ್ಲಿ, ಮಧ್ಯಾಹ್ನದ ಹೊತ್ತು, ಸಾವಿರಾರು ಜನ ನೋಡಿದ ಅಪಘಾತ. ಆದರೂ ಬಿ-29 ಆಗ ಇನ್ನೂ ಗುಟ್ಟು. ‘ನಾಲ್ಕು ಎಂಜಿನ್‌ನ ಬಾಂಬರ್’ ಅಂತ ಮಾತ್ರ ಬರೆಯುವಂತಿತ್ತು. ಆಗ ಅಮೆರಿಕದಲ್ಲಿದ್ದ ಸೆನ್ಸಾರ್‌ಶಿಪ್ ಕಚೇರಿಯ ನಿಯಮಗಳನ್ನು ಪತ್ರಿಕೆಗಳು ಒತ್ತಾಯವಿಲ್ಲದೆ ತಾವಾಗೇ ಪಾಲಿಸುತ್ತಿದ್ದವು. ಬ್ರಿಟನ್ನಿನಲ್ಲಿ ಇನ್ನೂ ಬಿಗಿ, ಊರಿನ ಹೆಸರೂ ಬರುತ್ತಿರಲಿಲ್ಲ.

ಹಾಗಾಗಿ ಹಳೆಯ ಪತ್ರಿಕೆ ಸಂಗ್ರಹದಲ್ಲಿ ವಿಮಾನದ ಹೆಸರು ಹಾಕಿ ಹುಡುಕಿದರೆ ಏನೂ ಸಿಗಲ್ಲ. ಆ ವಾರದ ಬೆಂಕಿ ಅನಾಹುತ, ಕರೆಂಟ್ ಹೋದ ಸುದ್ದಿ, ಒಂದೇ ದಿನ ಹಲವು ಸಾವಿನ ಪ್ರಕಟಣೆ, ಅಗ್ನಿಶಾಮಕ ದಳದ ಅಂತ್ಯಕ್ರಿಯೆ, ಇವುಗಳನ್ನು ಹುಡುಕಿ. ನೆಲದ ಮೇಲೆ ಸತ್ತವರನ್ನು ಸೆನ್ಸಾರ್ ಪೂರ್ತಿ ಮುಚ್ಚಿಡಲು ಆಗುತ್ತಿರಲಿಲ್ಲ. ಇನ್ನೊಂದು, ಯುದ್ಧ ಮುಗಿದ ಮೇಲಿನ ಪತ್ರಿಕೆಗಳನ್ನೂ ನೋಡಿ. ಗುಟ್ಟು ಸಡಿಲವಾದ ಮೇಲೆ ಸ್ಥಳೀಯ ಪತ್ರಿಕೆಗಳು ಹಳೆಯ ಘಟನೆಯನ್ನು ಮತ್ತೆ ಬರೆಯುತ್ತವೆ, ಆಗ ಸಾಕ್ಷಿಗಳ ನೆನಪು ಇನ್ನೂ ತೀರಾ ಹಳೆಯದಾಗಿರುವುದಿಲ್ಲ.

ಆಲೆನ್ ಅಪಘಾತದ ಎಳೆ ಹಿಡಿದು ಹೋದರೆ ಪೈಲಟ್‌ನಿಂದ ದೂರ, ಎಂಜಿನ್ ಕಾರ್ಖಾನೆಗೆ ಹೋಗಿ ನಿಲ್ಲುತ್ತೀರಿ. ಬಿ-29ಕ್ಕೆ ಹಾಕಿದ್ದ ರೈಟ್ ಕಂಪನಿಯ ಆರ್-3350 ಎಂಜಿನ್‌ನಲ್ಲಿ ಮ್ಯಾಗ್ನೀಷಿಯಂ ಮಿಶ್ರಲೋಹದ ಭಾಗಗಳಿದ್ದವು. ಅದಕ್ಕೆ ಬೆಂಕಿ ಹತ್ತಿದರೆ ಆರಿಸುವುದು ಕಷ್ಟ. ಯುದ್ಧಸಾಮಗ್ರಿ ತಯಾರಿಕೆಯ ಮೇಲೆ ಕಣ್ಣಿಟ್ಟಿದ್ದ ಸೆನೆಟರ್ ಟ್ರೂಮನ್ ಸಮಿತಿ ಈ ಎಂಜಿನ್ ತಯಾರಿಕೆಯ ತನಿಖೆ ಮಾಡಿತು. ಸಂಖ್ಯೆಯ ಹಿಂದೆ ಬಿದ್ದು ಗುಣಮಟ್ಟ ಬಿಟ್ಟದ್ದಕ್ಕೆ ಕಂಪನಿಯನ್ನೂ, ಅವಸರ ಮಾಡಿದ್ದಕ್ಕೆ ಆರ್ಮಿ ಏರ್ ಫೋರ್ಸಸ್ ಅನ್ನೂ ದೂರಿತು. ಅಪಘಾತದ ವರದಿ ಗುಟ್ಟಾಗಿದ್ದಾಗಲೂ ಇಂಥ ಪಕ್ಕದ ದಾಖಲೆಗಳು ಹೊರಗೆ ಬಂದಿರುತ್ತವೆ. ಮರೆಯಬೇಡಿ.

ತಿದ್ದುಪಡಿಯಿಂದ ಹಿಂದಕ್ಕೆ

ಈಗ ಮುಖ್ಯ ಕೆಲಸ. ಬ್ರಿಟನ್ನಿನ ಹಾಕರ್ ಟೈಫೂನ್ ಫೈಟರ್‌ನ ಹಳೆಯ ಫೋಟೋಗಳನ್ನು ಹತ್ತಿರದಿಂದ ನೋಡಿ. ಬಾಲ ಶುರುವಾಗುವ ಜಾಗದಲ್ಲಿ, ಮೈ ಸುತ್ತಲೂ ಬಳೆ ತೊಡಿಸಿದ ಹಾಗೆ ಸಣ್ಣ ಸಣ್ಣ ತಗಡಿನ ಪಟ್ಟಿಗಳ ಸಾಲು ಕಾಣುತ್ತದೆ. ಒಟ್ಟು 20 ಪಟ್ಟಿ, ರಿವೆಟ್ ಹೊಡೆದು ಕೂರಿಸಿದ್ದು. ಇದು ಮೊದಲ ವಿನ್ಯಾಸದಲ್ಲಿ ಇರಲಿಲ್ಲ. ‘ಮಾಡಿಫಿಕೇಶನ್ 286’ ಅಂತ ಆಮೇಲೆ ಬಂತು. ಯಾಕೆ ಬಂತು?

ಹಾರುತ್ತಿರುವಾಗಲೇ ಬಾಲ ಕಿತ್ತುಕೊಂಡು ಹೋಗುತ್ತಿತ್ತು, ಅದಕ್ಕೆ. ಮೊದಮೊದಲು ಸ್ಕ್ವಾಡ್ರನ್‌ಗಳಲ್ಲಿ ಹೀಗೆ ಆದಾಗ ಪೈಲಟ್ ಮೇಲೆ ಅನುಮಾನ ಬಂತು. ಡೈವ್‌ನಿಂದ (ಮೂತಿ ಕೆಳಗೆ ಮಾಡಿ ರಭಸದಿಂದ ಇಳಿಯುವುದು) ಜೋರಾಗಿ ಮೇಲಕ್ಕೆ ಎಳೆದಿರಬೇಕು, ಅನುಭವ ಸಾಲದು, ಹೀಗೆ. 1942ರ ಆಗಸ್ಟ್ 11ರಂದು ಕಂಪನಿಯದೇ ಟೆಸ್ಟ್ ಪೈಲಟ್ ಕೆನ್ನೆತ್ ಸೆತ್-ಸ್ಮಿತ್ ಲ್ಯಾಂಗ್ಲಿಯಿಂದ ಆರ್7692 ಸೀರಿಯಲ್‌ನ ಟೈಫೂನ್ ತೆಗೆದುಕೊಂಡು ಹೋದರು, ಥಾರ್ಪ್ ಊರಿನ ಮೇಲೆ ಅದರ ಬಾಲ ಮುರಿಯಿತು, ಅವರು ಸತ್ತರು. ಈಗ ‘ಅನುಭವ ಸಾಲದು’ ಅಂತ ಹೇಳೋ ಹಾಗಿರಲಿಲ್ಲ. ಒಂದು ಟೆಸ್ಟ್ ಫ್ಲೈಟ್ ಅಪಘಾತಕ್ಕೆ ಇರುವ ಬೆಲೆ ಇದೇ. ಹಾರಿಸಿದವರು ಯಾರು ಅಂತ ಎಲ್ಲರಿಗೂ ಗೊತ್ತು, ಆದ್ದರಿಂದ ಸುಲಭದ ಉತ್ತರ ನಡೆಯಲ್ಲ.

ತನಿಖೆ ಹೋಗಿ ನಿಂತದ್ದು ಒಂದು ಸಣ್ಣ ಬ್ರಾಕೆಟ್ ಹತ್ತಿರ. ವಿಮಾನದ ಮೂತಿ ಮೇಲೆ ಕೆಳಗೆ ಆಗಲು ಬಾಲದಲ್ಲಿ ಎಲಿವೇಟರ್ ಅಂತ ಅಲುಗಾಡುವ ಹಲಗೆ ಇರುತ್ತದೆ. ಅದು ತಿರುಗುವ ತಿರುಗಣಿಯ ಹಿಂದೆ ಅದರ ಭಾರ ಇರುವುದರಿಂದ, ಅದನ್ನು ಸರಿದೂಗಿಸಲು ತಿರುಗಣಿಯ ಮುಂದೆ ಒಂದು ತೂಕ ಕಟ್ಟಿರುತ್ತಾರೆ. ಮಾಸ್ ಬ್ಯಾಲೆನ್ಸ್ ಅಂತ ಹೆಸರು. ಟೈಫೂನ್‌ನಲ್ಲಿ ಈ ತೂಕವನ್ನು ಹಿಡಿದ ಭಾಗವೇ ಕಿತ್ತುಬಂದಿತ್ತು. ತೂಕ ಹೋದ ಮರುಕ್ಷಣ ಎಲಿವೇಟರ್ ಗಾಳಿಯಲ್ಲಿ ಪಟಪಟ ಹೊಡೆದುಕೊಳ್ಳಲು ಶುರು, ಇದನ್ನೇ ಫ್ಲಟರ್ ಅನ್ನೋದು, ಮತ್ತೆ ಬಾಲ ಉಳಿಯಲ್ಲ. ಪೈಲಟ್‌ಗೆ ಏನಾಯಿತು ಅಂತ ಯೋಚಿಸಲೂ ಹೊತ್ತಿಲ್ಲ.

ಈಗ ಪಟ್ಟಿಗಳಿಗೆ ವಾಪಸು ಬನ್ನಿ. ಆ 20 ಪಟ್ಟಿ ಬಾಲದ ಕೀಲನ್ನು ಗಟ್ಟಿ ಮಾಡುತ್ತದೆ, ಆದರೆ ರೋಗ ಇದ್ದದ್ದು ಫ್ಲಟರ್‌ನಲ್ಲಿ. ಒಳಗೂ ಸ್ವಲ್ಪ ಬಲಪಡಿಸಿದರು ನಿಜ. ಅಪಘಾತ ಕಡಿಮೆ ಆಯಿತು, ಪೂರ್ತಿ ನಿಲ್ಲಲಿಲ್ಲ. ಟೈಫೂನ್ ಸೇವೆಯಲ್ಲಿ ಇದ್ದಷ್ಟು ಕಾಲವೂ ಆಗೊಂದು ಈಗೊಂದು ಬಾಲ ಹೋಗುತ್ತಲೇ ಇತ್ತು. ಆದ್ದರಿಂದ ತಿದ್ದುಪಡಿ ಸಿಕ್ಕಿತು ಅಂದರೆ ಕಾರಣ ಸಿಕ್ಕಿತು ಅಂತ ಕುಣಿಯಬೇಡಿ. ಆ ಹೊತ್ತಿಗೆ ಅವರು ಏನನ್ನು ಕಾರಣ ಅಂತ ನಂಬಿದ್ದರು, ಅಥವಾ ಕಾರ್ಖಾನೆ ನಿಲ್ಲಿಸದೆ ಏನನ್ನು ಮಾಡಲು ಸಾಧ್ಯ ಇತ್ತು ಅನ್ನೋದಷ್ಟೇ ಅದರಿಂದ ತಿಳಿಯುತ್ತದೆ. ಮುಂದಿನ ಎರಡು ಮೂರು ವರ್ಷ ಅದೇ ಬಗೆಯ ಅಪಘಾತ ಮತ್ತೆ ಆಯಿತಾ ಅಂತ ನೋಡಿ. ಆಗಿದ್ದರೆ ಮೊದಲ ಉತ್ತರ ಅರ್ಧ ಉತ್ತರ.

ಅಮೆರಿಕದ ಪಿ-38 ಫೈಟರ್ ಇದರ ಕನ್ನಡಿ ಪ್ರತಿಬಿಂಬ. ಡೈವ್ ಹೊಡೆದರೆ ಮೂತಿ ಇನ್ನೂ ಕೆಳಗೆ ಹೋಗುತ್ತದೆ, ಕಂಟ್ರೋಲ್ ಅಲುಗಾಡಲ್ಲ, ಬಾಲ ನಡುಗುತ್ತದೆ. ಬಾಲದ ಫ್ಲಟರ್ ಇರಬೇಕು ಅಂತ ಎಲಿವೇಟರ್‌ಗೆ ಹೊರಗಡೆ ತೂಕಗಳನ್ನು ಕಟ್ಟಿದರು. ವಿನ್ಯಾಸಕಾರ ಕೆಲ್ಲಿ ಜಾನ್ಸನ್‌ಗೇ ಅದರಲ್ಲಿ ನಂಬಿಕೆ ಇರಲಿಲ್ಲ, ಆದರೂ ಆ ತೂಕಗಳು ಕೊನೆಯವರೆಗೂ ವಿಮಾನದ ಮೇಲೆ ಉಳಿದುಕೊಂಡವು. ನಿಜವಾದ ಕಾರಣ ಬೇರೆ. ವಿಮಾನ ಶಬ್ದದ ವೇಗದ ಹತ್ತಿರ ಹೋದಾಗ ರೆಕ್ಕೆಯ ಮೇಲಿನ ಗಾಳಿಯ ವರ್ತನೆಯೇ ಬದಲಾಗುತ್ತದೆ, ಕಂಪ್ರೆಸಿಬಿಲಿಟಿ ಅನ್ನೋದು ಇದನ್ನೇ. 1941ರ ನವೆಂಬರ್ 4ರಂದು, ಅಮೆರಿಕ ಇನ್ನೂ ಯುದ್ಧಕ್ಕೆ ಇಳಿಯುವ ಮೊದಲೇ, ಟೆಸ್ಟ್ ಪೈಲಟ್ ರಾಲ್ಫ್ ವಿರ್ಡನ್ ಈ ಡೈವ್ ಸಮಸ್ಯೆಗೆ ಹುಡುಕಿದ ಒಂದು ಪರಿಹಾರವನ್ನು ಪರೀಕ್ಷೆ ಮಾಡುವಾಗ ಗ್ಲೆಂಡೇಲ್‌ನಲ್ಲಿ ಬಿದ್ದು ಸತ್ತರು. ಸರಿಯಾದ ಪರಿಹಾರ, ಅಂದರೆ ರೆಕ್ಕೆಯ ಕೆಳಗಿನ ಡೈವ್ ಫ್ಲ್ಯಾಪ್, ಕಾರ್ಖಾನೆಯಿಂದಲೇ ಕೂತು ಬರಲು ಶುರುವಾದದ್ದು 1944ರ ನಡುವಿನಲ್ಲಿ. ಈ ನಡುವಿನ ಅಂತರವನ್ನು ನಿಮ್ಮ ಟಿಪ್ಪಣಿಯಲ್ಲಿ ಬರೆದಿಡಿ. ಕಾರಣ ಗೊತ್ತಾದ ದಿನ ಬೇರೆ, ಪರಿಹಾರ ಪೈಲಟ್ ಕೈಗೆ ಸಿಕ್ಕ ದಿನ ಬೇರೆ. ಈ ಎರಡರ ನಡುವೆ ಸತ್ತವರ ಬಗ್ಗೆ ‘ಕಾರಣ ತಿಳಿಯಲಿಲ್ಲ’ ಅಂತ ಬರೆಯುವುದು ಸರಿಯಲ್ಲ.

ಬೇರೆ ದೇಶದ ಅಪಘಾತಗಳ ಜೊತೆ ಹೋಲಿಸಿಯೂ ನೋಡಿ, ಚೆನ್ನಾಗಿ ಬೆಳಕು ಬೀಳುತ್ತದೆ. ಜಪಾನಿನ ಜೀರೋ ಫೈಟರ್‌ನ ಎರಡನೇ ಪ್ರೋಟೋಟೈಪ್ 1940ರ ಮಾರ್ಚ್ 11ರಂದು ಡೈವ್ ಪರೀಕ್ಷೆಯಲ್ಲಿ ಗಾಳಿಯಲ್ಲೇ ಚೂರಾಯಿತು, ಪೈಲಟ್ ಒಕುಯಾಮಾ ಸತ್ತರು. ಅಲ್ಲೂ ತನಿಖೆ ಕೈ ತೋರಿಸಿದ್ದು ಎಲಿವೇಟರ್‌ನ ಮಾಸ್ ಬ್ಯಾಲೆನ್ಸ್ ತೋಳಿನ ಕಡೆ. ಟೈಫೂನ್‌ಗೆ ಎರಡು ವರ್ಷ ಮೊದಲೇ, ಅದೇ ಭಾಗ. ಒಬ್ಬರ ಪಾಠ ಇನ್ನೊಬ್ಬರಿಗೆ ಸಿಗುವ ಕಾಲ ಅದಲ್ಲ ಬಿಡಿ. 1941ರ ಏಪ್ರಿಲ್ 17ರಂದು ಜೀರೋದಲ್ಲೇ ಲೆಫ್ಟಿನೆಂಟ್ ಶಿಮೊಕಾವಾ ಸತ್ತರು. ಅವರು ಆ ದಿನ ಹಾರಿದ್ದೇ ಇನ್ನೊಂದು ಜೀರೋದ ರೆಕ್ಕೆ ಯಾಕೆ ಹಾಳಾಯಿತು ಅಂತ ತಿಳಿಯಲು. ಈ ಸಲ ಕಾರಣ ರೆಕ್ಕೆಯ ಫ್ಲಟರ್, ಆಮೇಲಿನ ಜೀರೋಗಳ ರೆಕ್ಕೆಯ ತಗಡು ದಪ್ಪ ಆಯಿತು.

‘ಪೈಲಟ್ ತಪ್ಪು’ ಅನ್ನೋದನ್ನು ಓದುವ ಬಗೆ

ಅಮೆರಿಕದ ಅಪಘಾತ ವರದಿಗೆ ಫಾರಂ 14 ಅಂತ ಹೆಸರು. ಅದರಲ್ಲಿ ಕಾರಣವನ್ನು ಶೇಕಡಾ ಲೆಕ್ಕದಲ್ಲಿ ಹಂಚುವ ಪದ್ಧತಿ ಇತ್ತು. ಪೈಲಟ್‌ಗೆ ಇಷ್ಟು, ಯಂತ್ರಕ್ಕೆ ಇಷ್ಟು. ನೋಡಲು ಬಹಳ ನಿಖರ ಅನ್ನಿಸುತ್ತದೆ. ಅದು ಸಮಿತಿಯ ಅಭಿಪ್ರಾಯ, ಅಳತೆ ಅಲ್ಲ. ಆ ಅಂಕಿಯನ್ನು ದಾಟಿ ಹಿಂದಿನ ಪುಟಗಳಿಗೆ ಹೋಗಿ, ಮೆಕ್ಯಾನಿಕ್‌ಗಳ ಹೇಳಿಕೆ, ವಿಮಾನದ ಹಿಂದಿನ ದೂರುಗಳು ಅಲ್ಲಿರುತ್ತವೆ.

ರಿಚರ್ಡ್ ಬಾಂಗ್ ಕತೆ ನೋಡಿ. 40 ಶತ್ರು ವಿಮಾನ ಬೀಳಿಸಿದ ಅಮೆರಿಕದ ನಂಬರ್ ಒನ್ ಏಸ್. 1945ರ ಆಗಸ್ಟ್ 6ರಂದು, ಹಿರೋಷಿಮಾದ ದಿನವೇ, ಕ್ಯಾಲಿಫೋರ್ನಿಯಾದಲ್ಲಿ ಪಿ-80 ಜೆಟ್ ಟೆಸ್ಟ್ ಮಾಡುವಾಗ ಟೇಕಾಫ್ ಆದ ಕೂಡಲೇ ಎಂಜಿನ್ ನಿಂತು ಸತ್ತರು. ಮುಖ್ಯ ಇಂಧನ ಪಂಪ್ ಕೈಕೊಟ್ಟಿತ್ತು, ಬದಲಿ ಪಂಪ್‌ನ ಸ್ವಿಚ್ ಅವರು ಹಾಕಿರಲಿಲ್ಲ ಅನ್ನೋದು ತನಿಖೆಯ ತೀರ್ಮಾನ. ಇಷ್ಟನ್ನೇ ಓದಿದರೆ ಪೈಲಟ್ ತಪ್ಪು. ಆದರೆ 1944ರ ಅಕ್ಟೋಬರ್ 20ರಂದು ಲಾಕ್‌ಹೀಡ್‌ನ ಮುಖ್ಯ ಟೆಸ್ಟ್ ಪೈಲಟ್ ಮೈಲೋ ಬರ್ಚಮ್ ಸತ್ತದ್ದೂ ಇದೇ ಮಾದರಿಯಲ್ಲಿ, ಇದೇ ಮುಖ್ಯ ಪಂಪ್ ಕೆಟ್ಟು. ಎರಡನ್ನೂ ಅಕ್ಕಪಕ್ಕ ಇಟ್ಟಾಗ ಪ್ರಶ್ನೆ ಬದಲಾಗುತ್ತದೆ. ಬಾಂಗ್ ಸ್ವಿಚ್ ಮರೆತರು ಸರಿ, ಮರೆತರೆ ಸಾಯಬೇಕು ಅನ್ನೋ ಹಾಗೆ ಆ ಸ್ವಿಚ್ ಯಾಕಿತ್ತು? ಜೆಟ್ ಎಂಜಿನ್ ಕೆಳಮಟ್ಟದಲ್ಲಿ ನಿಂತರೆ ಮತ್ತೆ ಶುರು ಮಾಡಲು ಸಮಯವೇ ಇಲ್ಲ. ಹಾಗಾಗಿ ಪ್ರತಿ ‘ಪೈಲಟ್ ತಪ್ಪು’ ವರದಿಗೂ ಅದೇ ಮಾದರಿಯ ಅದಕ್ಕೂ ಹಿಂದಿನ ಅಪಘಾತವನ್ನು ಹುಡುಕಿ ಪಕ್ಕದಲ್ಲಿಡಿ.

ಸಾಕ್ಷಿ ಮತ್ತು ಅವಶೇಷ

ಸಾಕ್ಷಿಗಳಲ್ಲಿ ಬಹಳ ಜನ ‘ಆಕಾಶದಲ್ಲಿ ಸ್ಫೋಟ ಆಯಿತು, ಆಮೇಲೆ ಬಿತ್ತು’ ಅನ್ನುತ್ತಾರೆ. ಸುಳ್ಳು ಹೇಳುತ್ತಿಲ್ಲ. ಶಬ್ದ ಒಂದು ಕಿಲೋಮೀಟರ್ ಬರಲು ಸುಮಾರು 3 ಸೆಕೆಂಡ್ ಬೇಕು. ಜನ ಶಬ್ದ ಕೇಳಿ ತಲೆ ಎತ್ತುತ್ತಾರೆ, ಅಂದರೆ ಶುರುವಾದದ್ದನ್ನು ನೋಡಿರುವುದೇ ಇಲ್ಲ. ರೆಕ್ಕೆ ಮುರಿದರೂ ಕೆಳಗಿರುವವರಿಗೆ ಸ್ಫೋಟದ ಹಾಗೇ ಕೇಳುತ್ತದೆ. ಸಾಕ್ಷಿಯನ್ನು ತಳ್ಳಿಹಾಕಬೇಡಿ, ಅವರು ಎಲ್ಲಿ ನಿಂತಿದ್ದರು ಅಂತ ಮ್ಯಾಪ್ ಮೇಲೆ ಗುರುತು ಮಾಡಿ, ಅಷ್ಟೇ.

ಅವಶೇಷ ಚೆಲ್ಲಿದ ಮ್ಯಾಪ್ ವರದಿಯಲ್ಲಿದ್ದರೆ ಅದು ಬಂಗಾರ. ಹಾರಿಬಂದ ದಾರಿಯಲ್ಲಿ ಎಲ್ಲಕ್ಕಿಂತ ಹಿಂದೆ ಬಿದ್ದ ತುಂಡು ಸಾಮಾನ್ಯವಾಗಿ ಮೊದಲು ಕಳಚಿದ್ದು. ಹಗುರದ ತಗಡು ಗಾಳಿಗೆ ಸರಿಯುತ್ತದೆ, ಆ ದಿನದ ಗಾಳಿಯ ದಿಕ್ಕು ನೋಡಿಕೊಳ್ಳಿ. ಮಸಿಯನ್ನೂ ಗಮನಿಸಿ. ನಜ್ಜುಗುಜ್ಜಾದ ತಗಡಿನ ಮಡಿಕೆಯ ಒಳಗೂ ಅಪಘಾತಕ್ಕೆ ಮೊದಲೇ ಹಿಡಿದ ಮಸಿ ಇದ್ದು, ಅದು ಗಾಳಿ ಹರಿದ ದಿಕ್ಕಿಗೆ ಗೆರೆ ಎಳೆದಂತೆ ಇದ್ದರೆ ಬೆಂಕಿ ಹಾರುವಾಗಲೇ ಇತ್ತು. ಕೆಳಗಿಂದ ಮೇಲಕ್ಕೆ ಏರಿದ ಮಸಿ ನೆಲದ ಬೆಂಕಿಯದು. ಇನ್ನು ಮುರಿದ ಲೋಹ. ಒಂದೇ ಏಟಿಗೆ ಮುರಿದರೆ ಮುಖ ಪೂರ್ತಿ ಒರಟು. ದಿನಗಟ್ಟಲೆ ಬಿರುಕು ಬೆಳೆದು ಮುರಿದಿದ್ದರೆ ಒಂದು ಭಾಗ ನಯ, ಅಲೆಅಲೆ ಗೆರೆ, ಉಳಿದದ್ದು ಮಾತ್ರ ಒರಟು. ವರದಿಯಲ್ಲಿ ‘ಫಟೀಗ್’ ಅನ್ನೋ ಪದ ಕಂಡರೆ ಅದು ದಣಿದ ಪೈಲಟ್ ಅಲ್ಲ, ದಣಿದ ಲೋಹ.

ಬ್ರಿಟನ್ನಿನ ಹ್ಯಾಲಿಫ್ಯಾಕ್ಸ್ ಬಾಂಬರ್ ವಿ9977 ಇದಕ್ಕೆ ಒಳ್ಳೆ ಉದಾಹರಣೆ. 1942ರ ಜೂನ್ 7, ಡೆಫರ್ಡ್ ಏರ್‌ಫೀಲ್ಡ್‌ನಿಂದ ಎಚ್2ಎಸ್ ಅನ್ನೋ ಗುಟ್ಟಿನ ರೇಡಾರ್ ಪರೀಕ್ಷೆಗೆ ಹೋಗಿತ್ತು. ಬಲಗಡೆಯ ಹೊರಗಿನ ಎಂಜಿನ್‌ಗೆ ಬೆಂಕಿ ಹತ್ತಿ, ರೆಕ್ಕೆಯ ತುದಿ ಸುಟ್ಟು ಕಳಚಿ, ವೆಲ್ಷ್ ಬಿಕ್ನರ್ ಹತ್ತಿರ ಬಿತ್ತು. 11 ಜನರೂ ಸತ್ತರು. ಅದರಲ್ಲಿ ಅಲನ್ ಬ್ಲಮ್‌ಲೈನ್ ಇದ್ದರು, ಸ್ಟೀರಿಯೋ ಧ್ವನಿಯನ್ನು ಕಂಡುಹಿಡಿದ ಇಎಂಐ ಎಂಜಿನಿಯರ್. ತನಿಖೆ ಎಂಜಿನ್ ಬಿಚ್ಚಿ ಬಿಚ್ಚಿ ಕೊನೆಗೆ ತಲುಪಿದ್ದು ಒಂದು ಟ್ಯಾಪೆಟ್ ಲಾಕ್‌ನಟ್‌ಗೆ, ಅಂದರೆ ವಾಲ್ವ್‌ನ ಹೊಂದಾಣಿಕೆ ಜಾರದಂತೆ ಹಿಡಿಯುವ ನಟ್‌ಗೆ. ಎಂಜಿನ್ ಸರ್ವೀಸ್ ಮಾಡುವಾಗ ಅದನ್ನು ಸರಿಯಾಗಿ ಬಿಗಿ ಮಾಡಿರಲಿಲ್ಲ. ಹೊಂದಾಣಿಕೆ ಸಡಿಲವಾಗಿ ವಾಲ್ವ್‌ನ ಕಾಂಡದಲ್ಲಿ ಬಿರುಕು ಬೆಳೆದು ಮುರಿಯಿತು, ಉರಿಯುವ ಅನಿಲ ಎಂಜಿನ್ ಮೇಲ್ಭಾಗಕ್ಕೆ ನುಗ್ಗಿತು. ಈ ಅಪಘಾತ ‘ರೇಡಾರ್ ಅಪಘಾತ’ ಅಂತ ಹೆಸರಾಗಿದೆ, ರೇಡಾರ್‌ಗೂ ಇದಕ್ಕೂ ಸಂಬಂಧವೇ ಇಲ್ಲ. ಗುಟ್ಟಿನ ಉಪಕರಣ ಇದ್ದ ಕಡೆಯಲ್ಲೆಲ್ಲ ಜನ ವಿಧ್ವಂಸಕ ಕೃತ್ಯದ ಕತೆ ಕಟ್ಟುತ್ತಾರೆ. ಮೊದಲು ಎಂಜಿನ್‌ನ ಸರ್ವೀಸ್ ಹಾಳೆ ಕೇಳಿ.

ದಾಖಲೆ ಎಲ್ಲಿ ಸಿಗುತ್ತದೆ

ಬ್ರಿಟಿಷ್ ವಿಮಾನಕ್ಕೆ ಲಂಡನ್ನಿನ ಕ್ಯೂನಲ್ಲಿರುವ ನ್ಯಾಷನಲ್ ಆರ್ಕೈವ್ಸ್. ಅಪಘಾತ ತನಿಖಾ ಶಾಖೆಯ ವರದಿಗಳು ‘ಎವಿಐಎ 5’ ಸರಣಿಯಲ್ಲಿ, ಸ್ಕ್ವಾಡ್ರನ್ ಡೈರಿ ‘ಎಐಆರ್ 27’ರಲ್ಲಿ, ಏರ್‌ಫೀಲ್ಡ್ ಡೈರಿ ‘ಎಐಆರ್ 28’ರಲ್ಲಿ. ಪ್ರತಿ ಅಪಘಾತಕ್ಕೂ ಫಾರಂ 1180 ಅನ್ನೋ ಒಂದು ಕಾರ್ಡ್ ತುಂಬುತ್ತಿದ್ದರು, ಅದಕ್ಕೆ ಆರ್‌ಎಎಫ್ (ಬ್ರಿಟಿಷ್ ವಾಯುಪಡೆ) ಮ್ಯೂಸಿಯಂ ಕೇಳಿ. ಕಾರ್ಡ್ ತುಂಬಾ ಚುಟುಕು, ಆದರೆ ದಿನಾಂಕ, ಜಾಗ, ಸೀರಿಯಲ್ ಗಟ್ಟಿಯಾಗುತ್ತದೆ. ಅಮೆರಿಕದ ಆರ್ಮಿ ವಿಮಾನಕ್ಕೆ ಅಲಬಾಮಾದ ಮ್ಯಾಕ್ಸ್‌ವೆಲ್‌ನಲ್ಲಿರುವ ಏರ್ ಫೋರ್ಸ್ ಹಿಸ್ಟಾರಿಕಲ್ ರಿಸರ್ಚ್ ಏಜೆನ್ಸಿ, ಯುದ್ಧಕಾಲದ ಫಾರಂ 14ಗಳು ಅಲ್ಲಿ ಮೈಕ್ರೋಫಿಲ್ಮ್‌ನಲ್ಲಿವೆ. ‘ಮಿಸ್ಸಿಂಗ್ ಏರ್ ಕ್ರೂ ರಿಪೋರ್ಟ್’ನಲ್ಲಿ ಹುಡುಕಿ ಸಮಯ ಹಾಳು ಮಾಡಬೇಡಿ, ಅದು ಕಾಣೆಯಾದ ವಿಮಾನಗಳಿಗೆ. ಕಾರ್ಖಾನೆ ಪಕ್ಕದಲ್ಲೇ ಬಿದ್ದದ್ದು ಅದರಲ್ಲಿ ಬರಲ್ಲ.

ಜರ್ಮನಿ ಮತ್ತು ಸೋವಿಯತ್ ಅಪಘಾತಗಳಲ್ಲಿ ದಾಖಲೆಗಿಂತ ಮರುಹೇಳಿಕೆ ಜಾಸ್ತಿ. 1945ರ ಮಾರ್ಚ್ 1ರಂದು ಜರ್ಮನಿಯ ಹಾಯ್‌ಬರ್ಗ್‌ನಲ್ಲಿ ನಾಟರ್ ರಾಕೆಟ್ ವಿಮಾನ ನೆಟ್ಟಗೆ ಮೇಲೇರಿತು, ಕಾಕ್‌ಪಿಟ್ ಮುಚ್ಚಳ ಕಿತ್ತುಹೋಯಿತು, ಪೈಲಟ್ ಲೋಥಾರ್ ಜೀಬರ್ ಸತ್ತರು. ಇಷ್ಟು ಖಚಿತ. ಆಗ ಅವರಿಗೆ ಎಚ್ಚರ ತಪ್ಪಿತ್ತು ಅನ್ನೋದು ಊಹೆ, ಊಹೆ ಅಂತಲೇ ಬರೆಯಿರಿ. ಸೋವಿಯತ್ ರಾಕೆಟ್ ವಿಮಾನ ಬಿಐ ಹಾರಿಸುತ್ತಾ ಗ್ರಿಗೊರಿ ಬಖ್ಚಿವಂಜಿ 1943ರ ಮಾರ್ಚ್ 27ರಂದು ಸತ್ತರು. ಪೂರ್ಣ ವೇಗದಲ್ಲಿ ಮೂತಿ ತಾನಾಗೇ ಕೆಳಗೆ ಬಾಗಿತ್ತು. ಪಿ-38ರಲ್ಲಿ ಕಂಡ ಅದೇ ಶತ್ರು, ಕಂಪ್ರೆಸಿಬಿಲಿಟಿ, ಇಲ್ಲೂ ಇತ್ತು ಅನ್ನೋದು ಆಮೇಲೆ ಹೆಚ್ಚಿನ ವೇಗದ ವಿಂಡ್ ಟನಲ್ ಬಂದ ಮೇಲೆ ಸ್ಪಷ್ಟವಾಯಿತು. ಅವರಿಗೆ ಸೋವಿಯತ್ ಒಕ್ಕೂಟದ ಹೀರೋ ಬಿರುದು ಸಿಕ್ಕಿದ್ದು 1973ರಲ್ಲಿ. ಇಂಥ ಬಿರುದು ಕೊಟ್ಟ ವರ್ಷದ ಸುತ್ತಮುತ್ತ ಹುಡುಕಿ, ಆಗ ಹೊಸ ಬರಹಗಳು ಬಂದಿರುತ್ತವೆ.

ಬಿದ್ದ ಜಾಗಕ್ಕೆ ಹೋಗುವುದಾದರೆ

ಹೋಗಿ, ಆದರೆ ಜಮೀನಿನ ಮಾಲೀಕರನ್ನು ಕೇಳಿ ಹೋಗಿ. ಬ್ರಿಟನ್ನಿನಲ್ಲಿ 1986ರ ಮಿಲಿಟರಿ ಅವಶೇಷ ರಕ್ಷಣಾ ಕಾಯ್ದೆ ಇದೆ. ಸೇನಾ ವಿಮಾನ ಬಿದ್ದ ಜಾಗವನ್ನು ರಕ್ಷಣಾ ಸಚಿವಾಲಯದ ಲೈಸೆನ್ಸ್ ಇಲ್ಲದೆ ಅಗೆದರೆ, ಒಂದು ತುಂಡು ಎತ್ತಿಕೊಂಡರೂ ಅಪರಾಧ. ಪರೀಕ್ಷೆಯ ವಿಮಾನದಲ್ಲೂ ಗುಂಡು ತುಂಬಿದ ಗನ್ ಇದ್ದಿರಬಹುದು, ಮಣ್ಣೊಳಗೆ ಅದು ಇನ್ನೂ ಜೀವಂತ ಇರಬಹುದು. ಮೆಟಲ್ ಡಿಟೆಕ್ಟರ್ ಮನೆಯಲ್ಲೇ ಬಿಟ್ಟು ಹೋಗಿ. ಮ್ಯಾಪ್, ಕ್ಯಾಮೆರಾ, ದಿಕ್ಸೂಚಿ ಸಾಕು. ವರದಿಯಲ್ಲಿ ಹೇಳಿದ ರಸ್ತೆ, ಚರ್ಚ್, ಹೊಳೆ ಎಲ್ಲಿಂದ ಎಷ್ಟು ದೂರ ಅಂತ ಅಳೆದು, ಸಾಕ್ಷಿ ನಿಂತ ಜಾಗದಿಂದ ಆ ದಿಕ್ಕು ನಿಜಕ್ಕೂ ಕಾಣುತ್ತದಾ ಅಂತ ನೋಡಿ. ಯಾರಾದರೂ ಹಳೆಯ ಕಾಕ್‌ಪಿಟ್ ಮೀಟರ್ ತಂದು ತೋರಿಸಿದರೆ ಕೈಯಲ್ಲಿ ಹಿಡಿದು ಗಾಜು ಬಿಚ್ಚಬೇಡಿ. ಕತ್ತಲಲ್ಲಿ ಹೊಳೆಯಲಿ ಅಂತ ಆ ಕಾಲದ ಮುಳ್ಳು, ಅಂಕಿಗಳಿಗೆ ರೇಡಿಯಂ ಬಣ್ಣ ಬಳಿಯುತ್ತಿದ್ದರು. ಹೊಳಪು ಹೋಗಿದ್ದರೂ ವಿಕಿರಣ ಹೋಗಿಲ್ಲ, ಪುಡಿಯಾಗಿ ಉದುರುವ ಬಣ್ಣ ಉಸಿರಿಗೆ ಹೋದರೆ ಅಪಾಯ. ಸೀರಿಯಲ್ ನಂಬರ್‌ನ ಫೋಟೋ ತೆಗೆದುಕೊಂಡು, ಮೀಟರ್ ಅನ್ನು ಅವರಿಗೇ ವಾಪಸು ಕೊಡಿ.